ಪದವಿ ಕಾಲೇಜಿನ ಮೇಷ್ಟ್ರಾಗುವ ಹಾದಿಯಲ್ಲಿ ಕಳೆದುಹೋಗುವ ವರ್ಷಗಳು: ಉನ್ನತ ಶಿಕ್ಷಣ ಇಲಾಖೆಗೆ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಉನ್ನತ ಶಿಕ್ಷಣ ಸಚಿವರು, ಕರ್ನಾಟಕ ಸರ್ಕಾರ
ಉನ್ನತ ಶಿಕ್ಷಣ ಇಲಾಖೆಯ ಅಧಿಕಾರಿಗಳು
ರಾಜ್ಯದ ವಿಶ್ವವಿದ್ಯಾಲಯಗಳ ಕುಲಪತಿಗಳು

ಮಾನ್ಯರೇ,

ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಪಾಠ ಹೇಳಬೇಕೆಂಬ ಆಸೆ ಇಟ್ಟುಕೊಂಡು ಪ್ರತಿವರ್ಷ ಎಷ್ಟೋ ಹುಡುಗ ಹುಡುಗಿಯರು ಎಂ.ಎ., ಎಂ.ಎಸ್ಸಿ., ಎಂ.ಕಾಂ.ಗೆ ಸೇರುತ್ತಾರೆ. ಅವರಲ್ಲಿ ಬಹಳ ಮಂದಿ ತಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು. ಮುಂದೆ ಏನೇನು ದಾಟಬೇಕು ಎಂದು ತಿಳಿಹೇಳುವವರು ಮನೆಯಲ್ಲಿರುವುದಿಲ್ಲ. ಪಿಯುಸಿ ಮುಗಿಯುವಾಗ 18, ಪದವಿಗೆ ಮೂರು ವರ್ಷ, ಸ್ನಾತಕೋತ್ತರಕ್ಕೆ ಎರಡು: ಅಲ್ಲಿಗೆ 23. ಅಧ್ಯಾಪಕ ಹುದ್ದೆಗೆ ಬೇಕಾದ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ ನೆಟ್ ಅಥವಾ ರಾಜ್ಯಮಟ್ಟದ ಪರೀಕ್ಷೆ ಕೆ-ಸೆಟ್‌ಗೆ ಒಂದು ವರ್ಷ, ಪಿಎಚ್.ಡಿ.ಗೆ ನಾಲ್ಕೈದು ವರ್ಷ ಎಂದಿಟ್ಟುಕೊಂಡರೂ 29ರ ಹೊತ್ತಿಗೆ ಎಲ್ಲ ಅರ್ಹತೆಯೂ ಕೈಯಲ್ಲಿರಬೇಕು. ಆದರೆ 38 ದಾಟಿದರೂ ಅತಿಥಿ ಉಪನ್ಯಾಸಕರಾಗಿ (ತಾತ್ಕಾಲಿಕ ಬೋಧಕರಾಗಿ) ಸೆಮಿಸ್ಟರಿನಿಂದ ಸೆಮಿಸ್ಟರಿಗೆ ಆದೇಶ ಕಾಯುತ್ತಾ ಕೂತವರು ಪ್ರತಿ ತಾಲ್ಲೂಕಿನ ಕಾಲೇಜಿನಲ್ಲೂ ಸಿಗುತ್ತಾರೆ. ನಡುವಿನ ಈ ಹತ್ತು ವರ್ಷ ಓದಿನಲ್ಲಿ ಹೋಗುವುದಿಲ್ಲ. ಒಂದು ಕಚೇರಿಯ ಕೆಲಸ ಮುಗಿದು ಇನ್ನೊಂದು ಕಚೇರಿಯ ಕೆಲಸ ಶುರುವಾಗುವ ತನಕ ಕಾಯುವುದರಲ್ಲಿ ಹೋಗುತ್ತದೆ. ಎಲ್ಲೆಲ್ಲಿ ಹೋಗುತ್ತದೆ, ಅದನ್ನು ಹೇಗೆ ಉಳಿಸಬಹುದು ಎಂಬುದನ್ನು ನಿಮ್ಮ ಮುಂದೆ ಇಡುತ್ತಿದ್ದೇವೆ.

ಮೊದಲು ಅಂಕಗಳ ವಿಚಾರ. ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಸ್ನಾತಕೋತ್ತರದಲ್ಲಿ ಶೇ 55 ಬೇಕು. ಪರಿಶಿಷ್ಟ ಜಾತಿ, ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ ಮತ್ತು ಅಂಗವಿಕಲರಿಗೆ ಶೇ 50. ಶೇ 54.9 ಬಂದವರನ್ನು 55 ಎಂದು ಪರಿಗಣಿಸುವುದಿಲ್ಲ. ಸಿಜಿಪಿಎ (ಗ್ರೇಡುಗಳ ಸರಾಸರಿ) ಅನ್ನು ಶೇಕಡಾವಾರಿಗೆ ತಿರುಗಿಸುವ ಸೂತ್ರ ಒಂದೊಂದು ವಿಶ್ವವಿದ್ಯಾಲಯದಲ್ಲಿ ಒಂದೊಂದು ಥರ. ಆ ಸೂತ್ರ ಅಂಕಪಟ್ಟಿಯ ಹಿಂಬದಿಯಲ್ಲಿ ಅಚ್ಚಾಗಿದ್ದರೆ ಸರಿ, ಇಲ್ಲದಿದ್ದರೆ ಅಭ್ಯರ್ಥಿ ಪರಿವರ್ತನಾ ಪತ್ರಕ್ಕಾಗಿ ಕುಲಸಚಿವರ ಕಚೇರಿಗೆ ಅಲೆಯಬೇಕು. ಪ್ರತಿ ಅಂಕಪಟ್ಟಿಯಲ್ಲೂ ಶೇಕಡಾವಾರನ್ನೇ ನೇರವಾಗಿ ಮುದ್ರಿಸಿದರೆ ಈ ಅಲೆದಾಟ ನಿಂತುಹೋಗುತ್ತದೆ. ಇದಕ್ಕೆ ಹಣ ಬೇಕಿಲ್ಲ, ಒಂದು ಸುತ್ತೋಲೆ ಸಾಕು.

ಇದರ ಜತೆಗೆ ಹೊಸದೊಂದು ತೊಡಕು ಬರುತ್ತಿದೆ. 2021-22ರಲ್ಲಿ ರಾಜ್ಯದಲ್ಲಿ ನಾಲ್ಕು ವರ್ಷದ ಪದವಿ ಜಾರಿಯಾಯಿತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿದೆವು. ನಡುವಿನ ತಂಡಗಳ ಅಂಕಪಟ್ಟಿಯಲ್ಲಿ ಪತ್ರಿಕೆಗಳ ಹೆಸರೂ ಬೇರೆ, ಕ್ರೆಡಿಟ್ಟೂ ಬೇರೆ. ಐದಾರು ವರ್ಷಗಳ ನಂತರ ಇವರು ನೇಮಕಾತಿಗೆ ಬಂದಾಗ ದಾಖಲೆ ಪರಿಶೀಲಿಸುವ ಮೇಜಿನಲ್ಲಿ ತಕರಾರು ಏಳುವುದು ಖಚಿತ. ಯಾವ ಪದವಿ ಯಾವುದಕ್ಕೆ ಸಮ ಎಂಬ ತತ್ಸಮಾನತೆಯ ಆದೇಶವನ್ನು ಈಗಲೇ ಹೊರಡಿಸಿ. ಅಂದು ಕೋರ್ಟಿಗೆ ಹೋಗಿ ಪಡೆಯಬೇಕಾದ್ದನ್ನು ಇಂದು ಕೊಟ್ಟುಬಿಡಬಹುದು.

ಇನ್ನು ಅರ್ಹತಾ ಪರೀಕ್ಷೆ. ನೆಟ್ 1989ರಿಂದ ನಡೆಯುತ್ತಿದೆ. 2018ರ ಡಿಸೆಂಬರಿನಿಂದ ಅದನ್ನು ರಾಷ್ಟ್ರೀಯ ಪರೀಕ್ಷಾ ಸಂಸ್ಥೆ ಕಂಪ್ಯೂಟರಿನಲ್ಲಿ ನಡೆಸುತ್ತಿದೆ. ಪತ್ರಿಕೆ 1ರಲ್ಲಿ 50 ಪ್ರಶ್ನೆ, 100 ಅಂಕ. ಪತ್ರಿಕೆ 2ರಲ್ಲಿ 100 ಪ್ರಶ್ನೆ, 200 ಅಂಕ. ಒಟ್ಟು ಮೂರು ಗಂಟೆ, ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಸಾಮಾನ್ಯ ವರ್ಗದವರಿಗೆ ಶೇ 40, ಮೀಸಲು ವರ್ಗದವರಿಗೆ ಶೇ 35 ಕನಿಷ್ಠ ಅಂಕ ಎಂಬುದನ್ನು ಓದಿ, ಅಷ್ಟು ತೆಗೆದರೆ ಪಾಸು ಎಂದು ಅನೇಕರು ತಿಳಿಯುತ್ತಾರೆ. ಹಾಗಲ್ಲ. ಎರಡೂ ಪತ್ರಿಕೆ ಬರೆದವರಲ್ಲಿ ಶೇ 6ರಷ್ಟು ಮಂದಿಯನ್ನು ಮಾತ್ರ, ವಿಷಯವಾರು ಮತ್ತು ವರ್ಗವಾರು ಹಂಚಿ, ಅರ್ಹರೆಂದು ಘೋಷಿಸುತ್ತಾರೆ. ಕಟ್ ಆಫ್ ಪ್ರತಿ ಸಲ ಬದಲಾಗುವುದು ಇದರಿಂದಲೇ. ಭಾಷಾ ವಿಷಯಗಳನ್ನು ಬಿಟ್ಟರೆ ನೆಟ್ ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತವೆ. ಕನ್ನಡ ಮಾಧ್ಯಮದಲ್ಲಿ ಇತಿಹಾಸ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರ ಓದಿದವರಿಗೆ ಹಾಗಾಗಿ ಕೆ-ಸೆಟ್ಟೇ ದಾರಿ.

ಆ ಕೆ-ಸೆಟ್ ಎಷ್ಟು ಸಲ ನಡೆದಿದೆ ನೋಡಿ. ಮೈಸೂರು ವಿಶ್ವವಿದ್ಯಾಲಯ ನಡೆಸಿದ 2021ರ ಪರೀಕ್ಷೆ ಆ ವರ್ಷದ ಜುಲೈ 25ರಂದು ಆಯಿತು. ಆಮೇಲೆ ಹೊಣೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರಕ್ಕೆ ಬಂತು, ಮುಂದಿನ ಪರೀಕ್ಷೆ ನಡೆದದ್ದು 2024ರ ಜನವರಿ 13ರಂದು. ಸುಮಾರು ಎರಡೂವರೆ ವರ್ಷ! 2021ರ ಕೊನೆಗೆ ಎಂ.ಎ. ಮುಗಿಸಿದವರೊಬ್ಬರಿಗೆ ತಮ್ಮ ಭಾಷೆಯಲ್ಲಿ ಪರೀಕ್ಷೆ ಬರೆಯುವ ಮೊದಲ ಅವಕಾಶ ಸಿಕ್ಕಿದ್ದು ಎರಡು ವರ್ಷ ಕಾದ ಮೇಲೆ. ಆ ನಂತರ 2024ರ ನವೆಂಬರ್ 24ರಂದು, 2025ರ ನವೆಂಬರ್ 2ರಂದು ನಡೆದಿದೆ. ಇದು ಒಳ್ಳೆಯ ಬದಲಾವಣೆ. ನಮ್ಮ ಕೋರಿಕೆ ಇಷ್ಟೇ: ನವೆಂಬರ್ ಮೊದಲ ಭಾನುವಾರ ಎಂದೋ ಮತ್ತೊಂದು ದಿನ ಎಂದೋ ಒಂದನ್ನು ಗೊತ್ತುಮಾಡಿ, ಅದನ್ನು ನಿಯಮವಾಗಿಸಿ. ಅಧಿಕಾರಿ ಬದಲಾದರೂ ದಿನ ಬದಲಾಗದಿರಲಿ.

ನೆಟ್ಟೂ ಇದಕ್ಕೆ ಹೊರತಲ್ಲ. 2024ರ ಜೂನ್ 18ರಂದು ಬರೆದ ಪರೀಕ್ಷೆ ಮರುದಿನವೇ ರದ್ದಾಯಿತು, ಮರುಪರೀಕ್ಷೆ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ ನಡೆಯಿತು. ಅದೇ ಜೂನ್‌ನಿಂದ ನೆಟ್ ಅಂಕಗಳೇ ಪಿಎಚ್.ಡಿ. ಪ್ರವೇಶಕ್ಕೂ ಆಧಾರವಾಗಿದ್ದರಿಂದ ಪರೀಕ್ಷೆ ತಡವಾದಷ್ಟೂ ಪಿಎಚ್.ಡಿ. ಪ್ರವೇಶವೂ ತಡವಾಗುತ್ತದೆ.

ಪಿಎಚ್.ಡಿ. ಬಗ್ಗೆ ತುಸು ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಅತಿ ಹೆಚ್ಚು ವರ್ಷ ಸೋರಿಹೋಗುವುದು ಅಲ್ಲಿ. ಅದು ಕಡ್ಡಾಯವೋ ಅಲ್ಲವೋ ಎಂಬುದೇ ಬಹಳ ಕಾಲ ತೂಗಾಡಿತು. 2018ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮಾವಳಿ, ವಿಶ್ವವಿದ್ಯಾಲಯದ ವಿಭಾಗಗಳಿಗೆ ನೇರ ನೇಮಕವಾಗಲು 2021ರ ಜುಲೈ 1ರಿಂದ ಪಿಎಚ್.ಡಿ. ಕಡ್ಡಾಯ ಎಂದಿತು. ಆ ದಿನಾಂಕವನ್ನು 2023ರ ಜುಲೈ 1ಕ್ಕೆ ಮುಂದೂಡಿದರು. ಕೊನೆಗೆ 2023ರ ಜೂನ್ 30ರ ತಿದ್ದುಪಡಿಯಲ್ಲಿ ನೆಟ್ ಅಥವಾ ಸೆಟ್ ಸಾಕು, ಪಿಎಚ್.ಡಿ. ಐಚ್ಛಿಕ ಎಂದಾಯಿತು. ಈ ಐದು ವರ್ಷಗಳಲ್ಲಿ ಸಂಶೋಧನೆಯ ಒಲವಿಲ್ಲದವರೂ ಹುದ್ದೆ ತಪ್ಪೀತೆಂಬ ಹೆದರಿಕೆಯಿಂದ ನೋಂದಣಿಗೆ ಓಡಿದರು. ನಿಜವಾದ ಒಲವಿದ್ದವರಿಗೆ ಮಾರ್ಗದರ್ಶಕರು ಸಿಗದೆ ಹೋದರು.

ಮಾರ್ಗದರ್ಶಕರ ಲೆಕ್ಕ ಹೀಗಿದೆ. ಏಕಕಾಲದಲ್ಲಿ ಪ್ರಾಧ್ಯಾಪಕರು 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಸಂಶೋಧಕರನ್ನು ಮಾತ್ರ ತೆಗೆದುಕೊಳ್ಳಬಹುದು. ಯುಜಿಸಿಯ 2022ರ ಪಿಎಚ್.ಡಿ. ನಿಯಮಾವಳಿಯ ಪ್ರಕಾರ ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಎರಡೂ ಒಳ್ಳೆಯ ನಿಯಮಗಳೇ. ಆದರೆ ವಿಭಾಗದಲ್ಲಿ ಕಾಯಂ ಅಧ್ಯಾಪಕರು ಇಬ್ಬರೇ ಇದ್ದು, ಅವರಲ್ಲಿ ಒಬ್ಬರು ನಿವೃತ್ತಿಯ ಅಂಚಿನಲ್ಲಿದ್ದರೆ ಆ ವಿಭಾಗದಲ್ಲಿ ಸೀಟೇ ಹುಟ್ಟುವುದಿಲ್ಲ. ಇನ್ನೊಂದು ಕಡೆ, ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪಿಎಚ್.ಡಿ. ಪಡೆದು, ಲೇಖನಗಳನ್ನು ಪ್ರಕಟಿಸಿ, ಮಾರ್ಗದರ್ಶನಕ್ಕೆ ಎಲ್ಲ ಅರ್ಹತೆ ಇದ್ದೂ ಸಂಶೋಧನಾ ಕೇಂದ್ರವಿಲ್ಲದ ಕಾರಣಕ್ಕೆ ಸುಮ್ಮನಿರುವ ಕಾಯಂ ಅಧ್ಯಾಪಕರಿದ್ದಾರೆ. ಸ್ನಾತಕೋತ್ತರ ವಿಭಾಗವಿರುವ ಸರ್ಕಾರಿ ಕಾಲೇಜುಗಳಿಗೆ ಸಂಶೋಧನಾ ಕೇಂದ್ರದ ಮಾನ್ಯತೆ ಕೊಡುವ ಕೆಲಸವನ್ನು ಕುಲಪತಿಗಳು ಚುರುಕುಗೊಳಿಸಿದರೆ ಈ ಸಾಮರ್ಥ್ಯ ಬಳಕೆಗೆ ಬರುತ್ತದೆ.

ಕೋರ್ಸ್‌ವರ್ಕ್ (ಪಿಎಚ್.ಡಿ.ಯ ಆರಂಭದ ಪಾಠಗಳು), ಅದರಲ್ಲಿ ಶೇ 55, ಪ್ರತಿ ಸೆಮಿಸ್ಟರ್ ಸಲಹಾ ಸಮಿತಿಯ ಮುಂದೆ ಪ್ರಗತಿ ವರದಿ: ಇವೆಲ್ಲ ಒಂದು ಲಯಕ್ಕೆ ಬಿದ್ದರೆ ನಡೆದುಹೋಗುತ್ತವೆ. ಕಾಲ ನಿಂತುಬಿಡುವುದು ಪ್ರಬಂಧ ಸಲ್ಲಿಸಿದ ಮೇಲೆ. ಮೌಲ್ಯಮಾಪನ, ಮೌಖಿಕ ಪರೀಕ್ಷೆ ಎಲ್ಲ ಸೇರಿ ಆರು ತಿಂಗಳಲ್ಲಿ ಮುಗಿಯುವಂತೆ ವ್ಯವಸ್ಥೆ ಮಾಡಿ ಎಂದು 2022ರ ನಿಯಮಾವಳಿ ಸ್ಪಷ್ಟವಾಗಿ ಹೇಳಿದೆ. ಆ ಗಡುವು ಹೇಗೆ ಮೀರುತ್ತದೆ ಎಂಬುದನ್ನು ಹತ್ತಿರದಿಂದ ನೋಡಿ. ಪರೀಕ್ಷಕರ ಪಟ್ಟಿ ಸಿದ್ಧವಾಗುವುದೇ ಪ್ರಬಂಧ ಬಂದ ಮೇಲೆ. ಪಟ್ಟಿ ಕುಲಪತಿಗಳ ಮೇಜಿಗೆ ಹೋಗಿ ಸಹಿಯಾಗಿ ಬರಬೇಕು. ಮೊದಲ ಪರೀಕ್ಷಕರಿಗೆ ಒಪ್ಪಿಗೆ ಕೇಳಿ ಅಂಚೆಯಲ್ಲಿ ಪತ್ರ ಹೋಗುತ್ತದೆ, ಉತ್ತರ ಬರುವುದಿಲ್ಲ. ಎರಡು ಜ್ಞಾಪನ ಪತ್ರಗಳಾದ ಮೇಲೆ ಪಟ್ಟಿಯ ಮುಂದಿನವರಿಗೆ ಬರೆಯುತ್ತಾರೆ. ಅವರು ಒಪ್ಪಿದ ಮೇಲೆ ಪ್ರಬಂಧದ ಮುದ್ರಿತ ಪ್ರತಿ ಕಳಿಸುತ್ತಾರೆ, ಅದು ಅವರ ವಿಭಾಗದ ಕಪಾಟಿನಲ್ಲಿ ತಿಂಗಳುಗಟ್ಟಲೆ ಕೂರುತ್ತದೆ. ಒಬ್ಬರ ವರದಿ ಬಂದಿದೆ, ಇನ್ನೊಬ್ಬರದು ಬಂದಿಲ್ಲ ಎಂಬ ಸ್ಥಿತಿಯಲ್ಲೇ ವರ್ಷ ಉರುಳುತ್ತದೆ. ಅಷ್ಟರಲ್ಲಿ ನೇಮಕಾತಿ ಅಧಿಸೂಚನೆ ಬಂದರೆ, ಪದವಿ ಪ್ರದಾನದ ಅಧಿಸೂಚನೆ ಅರ್ಜಿಯ ಕೊನೆಯ ದಿನಾಂಕದ ಒಳಗೆ ಆಗಿಲ್ಲವಾದ್ದರಿಂದ ಅಷ್ಟು ವರ್ಷದ ದುಡಿಮೆ ಲೆಕ್ಕಕ್ಕೇ ಬರುವುದಿಲ್ಲ.

ಇದನ್ನು ಸರಿಪಡಿಸಲು ಹೊಸ ಕಾನೂನು ಬೇಡ. ಪ್ರಬಂಧ ಸಲ್ಲಿಕೆಗೆ ಮುಂಚಿನ ವಿಚಾರ ಮಂಡನೆಯ ದಿನವೇ ಪರೀಕ್ಷಕರ ಪಟ್ಟಿಗೆ ಒಪ್ಪಿಗೆ ಪಡೆಯಿರಿ. ಒಪ್ಪಿಗೆಯನ್ನು ಇಮೇಲಿನಲ್ಲಿ ಕೇಳಿ, 15 ದಿನದಲ್ಲಿ ಉತ್ತರ ಬಾರದಿದ್ದರೆ ತಾನಾಗಿಯೇ ಮುಂದಿನ ಹೆಸರಿಗೆ ಹೋಗಿ. ಪ್ರಬಂಧದ ಮೃದುಪ್ರತಿಯನ್ನು (ಕಂಪ್ಯೂಟರ್ ಕಡತವನ್ನು) ಅಂದೇ ಕಳಿಸಿ, ವರದಿಗೆ 45 ದಿನದ ಗಡುವು ಕೊಡಿ. ಪರೀಕ್ಷಕರ ಸಂಭಾವನೆಯನ್ನು ವರದಿ ಬಂದ ತಿಂಗಳಲ್ಲೇ ಪಾವತಿಸಿ. ಹಳೆಯ ಬಾಕಿ ಇಟ್ಟುಕೊಂಡ ವಿಶ್ವವಿದ್ಯಾಲಯದ ಕೆಲಸಕ್ಕೆ ಹೊರಗಿನ ಪ್ರಾಧ್ಯಾಪಕರು ಎರಡನೇ ಸಲ ಒಪ್ಪುವುದಿಲ್ಲ. ಪ್ರಬಂಧ ಯಾವ ಹಂತದಲ್ಲಿದೆ ಎಂಬುದನ್ನು ಪರೀಕ್ಷಕರ ಹೆಸರು ಕಾಣದಂತೆ ಜಾಲತಾಣದಲ್ಲಿ ಹಾಕಿ. ಸಂಶೋಧಕರು ಗುಮಾಸ್ತರ ಮೇಜಿನ ಮುಂದೆ ನಿಂತು ಬೇಡುವುದು ತಪ್ಪುತ್ತದೆ.

ಮಹಿಳಾ ಸಂಶೋಧಕರ ಕುರಿತು ಒಂದು ಮಾತು. ಪಿಎಚ್.ಡಿ.ಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಮರುನೋಂದಣಿ ಮಾಡಿಸಿದರೆ ಇನ್ನೆರಡು. ಮಹಿಳೆಯರಿಗೆ ಮತ್ತು ಶೇ 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಅದರ ಮೇಲೆ ಮತ್ತೆರಡು ವರ್ಷ. ಹೆರಿಗೆ ಹಾಗೂ ಮಕ್ಕಳ ಆರೈಕೆಗೆ ಒಟ್ಟು ಅವಧಿಯಲ್ಲಿ 240 ದಿನಗಳವರೆಗೆ ರಜೆಯೂ ಉಂಟು. ಇದು ಹಕ್ಕು ಎಂದು ನೋಂದಣಿ ಪತ್ರದಲ್ಲಿ ಬರೆದುಕೊಡುವ ವಿಭಾಗಗಳು ವಿರಳ. ಗೊತ್ತಿಲ್ಲದೆ, ಮಗುವಾದ ಮೇಲೆ ಅರ್ಧಕ್ಕೆ ಬಿಟ್ಟುಹೋಗುವ ಹೆಣ್ಣುಮಕ್ಕಳನ್ನು ಉಳಿಸಿಕೊಳ್ಳಬೇಕಿದ್ದರೆ ಪ್ರವೇಶದ ದಿನವೇ ಇದನ್ನು ಕನ್ನಡದಲ್ಲಿ ಅಚ್ಚುಹಾಕಿ ಕೈಗೆ ಕೊಡಿ.

ಈ ಎಲ್ಲ ಕಾಲದಲ್ಲಿ ಜೀವನ ನಡೆಯುವುದು ಹೇಗೆ? ನೆಟ್ ಮೂಲಕ ಸಿಗುವ ಸಂಶೋಧನಾ ಶಿಷ್ಯವೇತನವಾದ ಜೆಆರ್‌ಎಫ್ ಸಿಕ್ಕವರಿಗೆ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ. ಸಿಗದವರಿಗೆ ಅತಿಥಿ ಉಪನ್ಯಾಸಕ ಹುದ್ದೆ. 2022ರ ಜನವರಿಯಲ್ಲಿ 11ರಿಂದ 13 ಸಾವಿರವಿದ್ದ ಗೌರವಧನವನ್ನು ಅರ್ಹತೆ ಮತ್ತು ಸೇವಾವಧಿಗೆ ತಕ್ಕಂತೆ 26ರಿಂದ 32 ಸಾವಿರಕ್ಕೆ ಏರಿಸಿ, ವಾರದ ಕಾರ್ಯಭಾರವನ್ನು 15 ಗಂಟೆ ಎಂದು ನಿಗದಿ ಮಾಡಲಾಯಿತು. 2023ರ ನವೆಂಬರಿನಲ್ಲಿ ಶುರುವಾದ ಮುಷ್ಕರದ ನಂತರ ಇನ್ನಷ್ಟು ಏರಿಕೆ, ನಿವೃತ್ತಿ ವಯಸ್ಸಿಗೆ ಇಡಿಗಂಟು ಇವೆಲ್ಲ ಬಂದವು. ಇದಕ್ಕೆ ಕೃತಜ್ಞತೆ ಇದೆ. ಆದರೆ ಅದೇ ಪಾಠವನ್ನು ಪಕ್ಕದ ಕೊಠಡಿಯಲ್ಲಿ ಮಾಡುವ ಕಾಯಂ ಸಹಾಯಕ ಪ್ರಾಧ್ಯಾಪಕರ ಆರಂಭಿಕ ಮೂಲವೇತನ 57,700. ಅತಿಥಿಗಳಿಗೆ ಒಂದು ಉಪನ್ಯಾಸಕ್ಕೆ 1,500, ತಿಂಗಳಿಗೆ ಗರಿಷ್ಠ 50,000 ಎಂದು 2019ರಲ್ಲೇ ಯುಜಿಸಿ ಹೇಳಿತ್ತು.

ಸಂಬಳಕ್ಕಿಂತ ಹೆಚ್ಚು ಕಾಡುವುದು ಕಾರ್ಯಭಾರದ ಅನಿಶ್ಚಿತತೆ. ಐಚ್ಛಿಕ ವಿಷಯಕ್ಕೆ ಮಕ್ಕಳು ಕಡಿಮೆ ಸೇರಿದರೆ ಗಂಟೆ ಹೋಯಿತು. ಕಾಯಂ ಅಧ್ಯಾಪಕರೊಬ್ಬರು ವರ್ಗವಾಗಿ ಬಂದರೆ ಸೆಮಿಸ್ಟರ್ ನಡುವೆಯೇ ಅತಿಥಿಯ ಜಾಗ ಹೋಯಿತು. ಪಠ್ಯಕ್ರಮ ಬದಲಾಗಿ ಒಂದು ಪತ್ರಿಕೆ ಕೈಬಿಟ್ಟರೆ ವಾರಕ್ಕೆ ನಾಲ್ಕು ಗಂಟೆ ಹೋಯಿತು. ವರ್ಗಾವಣೆಯನ್ನೂ ಅತಿಥಿಗಳಿಗೆ ಕಾಲೇಜು ಹಂಚುವ ಕೌನ್ಸೆಲಿಂಗನ್ನೂ ಒಂದೇ ಸರದಿಯಲ್ಲಿ, ಮೊದಲು ವರ್ಗಾವಣೆ, ನಂತರ ಕೌನ್ಸೆಲಿಂಗ್ ಎಂದು, ತರಗತಿ ಆರಂಭವಾಗುವ ಮುನ್ನ ಮುಗಿಸಿದರೆ ಅರ್ಧ ಸಂಕಟ ಕಳೆಯುತ್ತದೆ. ಮಕ್ಕಳಿಗೂ ಮೊದಲ ತಿಂಗಳಿಂದಲೇ ಪಾಠ ಸಿಗುತ್ತದೆ.

ಅತಿಥಿಯಾಗಿ ಪಾಠ ಮಾಡುತ್ತಲೇ ಪಿಎಚ್.ಡಿ. ಮಾಡುವವರಿಗೆ ಇನ್ನೊಂದು ಗಂಟು ಇದೆ. ಅರೆಕಾಲಿಕ ನೋಂದಣಿಗೆ ಉದ್ಯೋಗದಾತರ ನಿರಾಕ್ಷೇಪಣಾ ಪತ್ರ ಬೇಕು; ಅತಿಥಿ ಉಪನ್ಯಾಸಕರು ನೌಕರರಲ್ಲವೆಂದು ಪ್ರಾಂಶುಪಾಲರು ಸಹಿ ಹಾಕಲು ಹಿಂಜರಿಯುತ್ತಾರೆ. ಪೂರ್ಣಕಾಲಿಕವಾಗಿ ನೋಂದಾಯಿಸಿಕೊಂಡರೆ, ಮುಂದೆ ಸೇವಾನುಭವ ಎಣಿಸುವಾಗ ಒಂದೇ ಅವಧಿಯಲ್ಲಿ ಎರಡು ಕಡೆ ಹೇಗಿದ್ದಿರಿ ಎಂಬ ಪ್ರಶ್ನೆ ಬರುತ್ತದೆ. ರಜೆ ಹಾಕದೆ ಪಾಠ ಮಾಡುತ್ತಾ ಸಂಶೋಧನೆ ನಡೆಸಿದ ಅವಧಿಯನ್ನು ಬೋಧನಾನುಭವವಾಗಿ ಪರಿಗಣಿಸಬೇಕೆಂದು 2018ರ ನಿಯಮಾವಳಿಯಲ್ಲಿದೆ. ಅತಿಥಿ ಉಪನ್ಯಾಸಕರಿಗೆ ಪ್ರಾಂಶುಪಾಲರೇ ನಿರಾಕ್ಷೇಪಣಾ ಪತ್ರ ಕೊಡಬಹುದು ಎಂದು ಇಲಾಖೆಯ ಸುತ್ತೋಲೆ ಹೊರಡಲಿ.

ಕೊನೆಯದು ನೇಮಕಾತಿ. 2015ರ ಅಧಿಸೂಚನೆಯ ಬಳಿಕ ಪ್ರಥಮ ದರ್ಜೆ ಕಾಲೇಜುಗಳಿಗೆ ಮುಂದಿನ ದೊಡ್ಡ ನೇಮಕಾತಿ ಬಂದದ್ದು 2021ರಲ್ಲಿ, 1,242 ಹುದ್ದೆಗಳಿಗೆ. ಪರೀಕ್ಷೆ 2022ರ ಮಾರ್ಚಿನಲ್ಲಿ. ಭೂಗೋಳಶಾಸ್ತ್ರದ ಪತ್ರಿಕೆ ಸೋರಿಕೆಯ ಆರೋಪ ಪೊಲೀಸ್ ತನಿಖೆಯವರೆಗೆ ಹೋಯಿತು. ಅಂದರೆ 2016ರಲ್ಲಿ, 23ನೇ ವಯಸ್ಸಿಗೆ ಎಂ.ಎಸ್ಸಿ. ಮುಗಿಸಿದವರು ಮೊದಲ ಅರ್ಜಿ ಹಾಕುವಾಗ 28. ಆ ಸಲ ಅವರ ವಿಷಯಕ್ಕೆ, ಅವರ ವರ್ಗಕ್ಕೆ ಹುದ್ದೆ ಇಲ್ಲದಿದ್ದರೆ ಮತ್ತೆ ಎಷ್ಟು ವರ್ಷ ಎಂದು ಯಾರೂ ಹೇಳಲಾರರು. ವಯೋಮಿತಿ ಮಾತ್ರ ವರ್ಷ ತಪ್ಪದೆ ಹತ್ತಿರ ಬರುತ್ತಿರುತ್ತದೆ.

ಇದನ್ನು ಓದುವ ಸ್ನಾತಕೋತ್ತರ ವಿದ್ಯಾರ್ಥಿಗಳಿಗೂ ನಾಲ್ಕು ಮಾತು ಹೇಳಬೇಕು, ಏಕೆಂದರೆ ಕಾಯುವ ಕಾಲದಲ್ಲಿ ನಿಮ್ಮ ಕೈಯಲ್ಲಿರುವುದು ಕಾಗದಪತ್ರ ಮಾತ್ರ. ಅಂತಿಮ ವರ್ಷದಲ್ಲಿರುವಾಗಲೇ ನೆಟ್ ಬರೆಯಿರಿ. ಫಲಿತಾಂಶದ ನಂತರ ಎರಡು ವರ್ಷದೊಳಗೆ ನಿಗದಿತ ಶೇಕಡಾದೊಂದಿಗೆ ಎಂ.ಎ. ಮುಗಿಸಿದರಾಯಿತು. ಜೆಆರ್‌ಎಫ್‌ಗೆ ವಯೋಮಿತಿ ಇದೆ, ಸಹಾಯಕ ಪ್ರಾಧ್ಯಾಪಕ ಅರ್ಹತೆಗೆ ಇಲ್ಲ. ಆದ್ದರಿಂದ ಮೊದಲ ಯತ್ನಗಳನ್ನು ಗಂಭೀರವಾಗಿ ತೆಗೆದುಕೊಳ್ಳಿ. ಪತ್ರಿಕೆ 1 ಎಲ್ಲ ವಿಷಯದವರಿಗೂ ಒಂದೇ. ಅದನ್ನು ಕಡೆಗಣಿಸಿ ಸ್ವಂತ ವಿಷಯವನ್ನೇ ಓದಿದವರು ನಾಲ್ಕಾರು ಅಂಕದಲ್ಲಿ ಹಿಂದೆ ಬೀಳುತ್ತಾರೆ. ಕೆ-ಸೆಟ್ ಅರ್ಹತೆ ನಮ್ಮ ರಾಜ್ಯದೊಳಗಷ್ಟೇ ಸಲ್ಲುತ್ತದೆ, ಹೊರರಾಜ್ಯದ ಹುದ್ದೆಗೆ ಅದು ಸಾಲದು.

ಹೆಸರನ್ನು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವಂತೆಯೇ ಎಲ್ಲ ಅರ್ಜಿಯಲ್ಲೂ ಬರೆಯಿರಿ. ಇನಿಷಿಯಲ್ ಒಂದು ಕಡೆ ಹೆಸರಿನ ಮುಂದೆ, ಇನ್ನೊಂದು ಕಡೆ ಹಿಂದೆ, ಮತ್ತೊಂದರಲ್ಲಿ ಅಪ್ಪನ ಪೂರ್ತಿ ಹೆಸರು ಎಂದಾದರೆ ಪರಿಶೀಲನೆಯ ದಿನ ಅಫಿಡವಿಟ್ಟಿಗೆ ಓಡಬೇಕಾಗುತ್ತದೆ. ಗ್ರಾಮೀಣ ಅಭ್ಯರ್ಥಿ ಮತ್ತು ಕನ್ನಡ ಮಾಧ್ಯಮ ಪ್ರಮಾಣಪತ್ರಗಳಿಗೆ ಶಾಲೆಯ ಮುಖ್ಯಶಿಕ್ಷಕರ ಸಹಿಯ ಜತೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕು. ನೀವು ಓದಿದ ಶಾಲೆ ಮುಚ್ಚಿಹೋಗಿದ್ದರೆ ದಾಖಲಾತಿ ಪುಸ್ತಕ ಈಗ ಯಾವ ಶಾಲೆಯಲ್ಲಿದೆ ಎಂದು ಇವತ್ತೇ ವಿಚಾರಿಸಿ. ಕಲ್ಯಾಣ ಕರ್ನಾಟಕದವರು ಆ ಭಾಗದ ಮೀಸಲಾತಿಗೆ ಬೇಕಾದ 371(ಜೆ) ಅರ್ಹತಾ ಪತ್ರವನ್ನು ಅಧಿಸೂಚನೆ ಬರುವ ಮುಂಚೆಯೇ ಉಪವಿಭಾಗಾಧಿಕಾರಿ ಕಚೇರಿಯಿಂದ ಪಡೆದಿರಿ. ಅರ್ಜಿಯ ಕೊನೆಯ ದಿನಾಂಕದ ನಂತರದ ತಾರೀಕಿರುವ ಪ್ರಮಾಣಪತ್ರದಿಂದ ಮೀಸಲಾತಿ ಕೈತಪ್ಪಿದವರು ಪ್ರತಿ ನೇಮಕಾತಿಯಲ್ಲೂ ಇರುತ್ತಾರೆ. ಅತಿಥಿಯಾಗಿ ಕೆಲಸ ಮಾಡಿದ ಪ್ರತಿ ಸೆಮಿಸ್ಟರಿನ ಅನುಭವ ಪತ್ರವನ್ನು, ಸೇರಿದ ಮತ್ತು ಬಿಡುಗಡೆಯಾದ ದಿನಾಂಕದೊಂದಿಗೆ, ಆ ಸೆಮಿಸ್ಟರ್ ಮುಗಿದ ವಾರವೇ ಬರೆಸಿಕೊಳ್ಳಿ. ಏಳೆಂಟು ವರ್ಷ ಬಿಟ್ಟು ಹೋದರೆ ಪ್ರಾಂಶುಪಾಲರೂ ಬೇರೆ, ಹಾಜರಿ ಪುಸ್ತಕವೂ ಸಿಗುವುದಿಲ್ಲ.

ಮಾನ್ಯರೇ, ಸರ್ಕಾರದ ಮುಂದೆ ನಮ್ಮ ಮುಖ್ಯ ಬೇಡಿಕೆ ನೇಮಕಾತಿಯ ವಾರ್ಷಿಕ ವೇಳಾಪಟ್ಟಿ. ಮುಂದಿನ ವರ್ಷ ಯಾವ ವಿಷಯದಲ್ಲಿ ಎಷ್ಟು ಮಂದಿ ನಿವೃತ್ತರಾಗುತ್ತಾರೆ ಎಂಬುದು ಇಲಾಖೆಯ ಸೇವಾ ದಾಖಲೆಯಲ್ಲೇ ಇದೆ. ಸರ್ಕಾರಿ ಸೇವೆಯಲ್ಲಿ 60 ತುಂಬುವ ದಿನ ಮೊದಲೇ ಗೊತ್ತಿರುತ್ತದೆ. ಪ್ರತಿ ಜನವರಿಯಲ್ಲಿ ವಿಷಯವಾರು ಖಾಲಿ ಹುದ್ದೆಗಳ ಪಟ್ಟಿಯನ್ನು ರೋಸ್ಟರ್ (ಮೀಸಲಾತಿ ಸರದಿಪಟ್ಟಿ) ಸಮೇತ ಪ್ರಕಟಿಸಿ. ಆರ್ಥಿಕ ಇಲಾಖೆಯ ಒಪ್ಪಿಗೆಯನ್ನು ಹತ್ತು ವರ್ಷದ ಹುದ್ದೆಗಳಿಗೆ ಒಟ್ಟಿಗೆ ಕೇಳಿದರೆ ಕಡತ ನಿಲ್ಲುತ್ತದೆ, ವರ್ಷವರ್ಷದ ನಿವೃತ್ತಿಗೆ ಕೇಳಿದರೆ ಮೊತ್ತ ಚಿಕ್ಕದು. ನವೆಂಬರಿನಲ್ಲಿ ಕೆ-ಸೆಟ್, ಫೆಬ್ರುವರಿಯೊಳಗೆ ಅದರ ಫಲಿತಾಂಶ ಮತ್ತು ಪ್ರಮಾಣಪತ್ರ, ಮಾರ್ಚಿನಲ್ಲಿ ನೇಮಕಾತಿ ಅಧಿಸೂಚನೆ ಎಂಬ ಕ್ರಮ ಇದ್ದರೆ ಆ ವರ್ಷ ಅರ್ಹರಾದವರು ಆ ವರ್ಷವೇ ಅರ್ಜಿ ಹಾಕಬಹುದು. ವೇಳಾಪಟ್ಟಿ ತಪ್ಪಿದ ವರ್ಷಗಳಿಗೆ ಅಷ್ಟೇ ವರ್ಷಗಳ ವಯೋಮಿತಿ ಸಡಿಲಿಕೆ ತಾನಾಗಿ ಸಿಗುವಂತೆ ನೇಮಕಾತಿ ನಿಯಮಕ್ಕೆ ಒಂದು ಉಪನಿಯಮ ಸೇರಿಸಿ, ಒಂದು ಸಲದ ರಿಯಾಯಿತಿಯಾಗಿ ಬೇಡ. ಬರುವ ಬಜೆಟ್ ಅಧಿವೇಶನಕ್ಕೆ ಮುಂಚೆ ಈ ವೇಳಾಪಟ್ಟಿಯ ಕರಡನ್ನು ಸಾರ್ವಜನಿಕರ ಮುಂದಿಟ್ಟು, ಆಕ್ಷೇಪಣೆ ಸಲ್ಲಿಸಲು 30 ದಿನ ಕೊಡಿ. ವಿಷಯವಾರು ಕಾರ್ಯಭಾರದ ಲೆಕ್ಕ, ನಿವೃತ್ತಿಯ ಅಂದಾಜು ಸಿದ್ಧಪಡಿಸುವ ಕೆಲಸಕ್ಕೆ ಕಾಲೇಜು ಮಟ್ಟದಲ್ಲಿ ಕೈಜೋಡಿಸಲು ನಾವು ತಯಾರಿದ್ದೇವೆ.

ಇಂತಿ,
ಪದವಿ ಕಾಲೇಜುಗಳಲ್ಲಿ ಪಾಠ ಮಾಡುತ್ತಿರುವ ಮತ್ತು ಪಾಠ ಮಾಡಲು ಕಾದಿರುವ ಅಧ್ಯಾಪಕರು, ಸಂಶೋಧಕರು